ಸಂತೆ ದಿನದ ಎರಡನೇ ಪಾವತಿ ದಾರಿ: ಎಂಟನೇ ತರಗತಿಯ ಶೇಕಡಾ ಪಾಠದ ಒಂದು ಅನುಭವ

ಎಂಟನೆಯ ತರಗತಿಯ ಗಣಿತದಲ್ಲಿ ಶೇಕಡಾ, ರಿಯಾಯಿತಿ, ಲಾಭ-ನಷ್ಟಗಳನ್ನು ಬೋಧಿಸಲು ಸಂತೆಕಲ್ಲೂರಿನ ಪ್ರೌಢಶಾಲೆಯಲ್ಲಿ ನನಗೆ ಆರು ಅವಧಿಗಳು ದೊರೆತಿದ್ದವು. ಅವುಗಳಲ್ಲಿ ಎರಡು ಅವಧಿಗಳನ್ನು ಪಠ್ಯಪುಸ್ತಕದ ಹೊರಗಿನ ಒಂದೇ ಒಂದು ಪ್ರಶ್ನೆಗೆ ಮೀಸಲಿಟ್ಟೆ: ಸಂತೆಯಲ್ಲಿ ವ್ಯಾಪಾರ ಮಾಡುವವರು ಫೋನಿನಲ್ಲಿ ಹಣ ಪಡೆಯಲು ಈಗಿರುವ ದಾರಿಯ ಜೊತೆಗೆ ಇನ್ನೊಂದು ದಾರಿ ಇಟ್ಟುಕೊಳ್ಳಬೇಕೆಂದರೆ ಯಾವುದನ್ನು ಆರಿಸಬೇಕು? ಈ ಎರಡು ಅವಧಿಗಳ ತಯಾರಿ, ನಡೆ ಮತ್ತು ಮೌಲ್ಯಮಾಪನವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ವಿಜ್ಞಾನ ಪದವಿಯಿಂದ ಬಂದ ನನ್ನಂಥ ಪ್ರಶಿಕ್ಷಣಾರ್ಥಿಗಳಿಗೆ ಇದು ಉಪಯೋಗವಾಗಬಹುದು.

ಪ್ರಶ್ನೆ ನನ್ನದಲ್ಲ, ತರಗತಿಯದು. ಮೊದಲ ಅವಧಿಯಲ್ಲಿ ರಿಯಾಯಿತಿಯ ಲೆಕ್ಕ ಮಾಡಿಸುವಾಗ ಒಬ್ಬ ವಿದ್ಯಾರ್ಥಿ ಎದ್ದು ನಿಂತ. ಅವನ ತಾಯಿ ಸುತ್ತಲಿನ ಸಂತೆಗಳಲ್ಲಿ ಮಿರ್ಚಿ-ಒಗ್ಗರಣೆ ಅಂಗಡಿ ಹಾಕುತ್ತಾರೆ. "ಮೇಡಂರೀ, ಸಂತಿ ದಿನ ಗಿರಾಕಿ ರೊಕ್ಕ ಹಾಕ್ತಾರ, ಚಕ್ರ ತಿರುಗ್ತೈತಿ, ಬರಂಗಿಲ್ರಿ. ಅವ್ರ ಕಡೆ ಕಟ್ ಆಗ್ಯಾವ ಅಂತಾರ, ನಮಗ ಬಂದಿರಂಗಿಲ್ಲ. ಬ್ಯಾರೆ ಆಪ್ ಹಾಕ್ಕೊಂಡ್ರ ಸರಿ ಹೋಗ್ತೈತೇನ್ರಿ?" ಎಂದು ಕೇಳಿದ. ತರಗತಿಯ ಅರ್ಧದಷ್ಟು ಮಕ್ಕಳು ಒಟ್ಟಿಗೇ ಉತ್ತರ ಕೊಡಲು ಶುರುಮಾಡಿದರು. ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿರುವ ಆಪ್‌ನ ಹೆಸರು ಹೇಳಿದರು. ಯಾಕೆ ಅದು ಒಳ್ಳೆಯದು ಎಂದು ಕೇಳಿದಾಗ ಮಾತ್ರ ತರಗತಿ ಸುಮ್ಮನಾಯಿತು.

ಮಾರ್ಗದರ್ಶಕ ಉಪನ್ಯಾಸಕರಿಗೆ ಪಾಠಯೋಜನೆ ತೋರಿಸಿದಾಗ ಅವರು ಎರಡು ಆಕ್ಷೇಪ ಎತ್ತಿದರು. ಒಂದು, ತರಗತಿಯಲ್ಲಿ ಕಂಪನಿಗಳ ಪ್ರಚಾರ ಮಾಡಿದಂತಾಗುತ್ತದೆ. ಎರಡು, ಸ್ಮಾರ್ಟ್‌ಫೋನ್ ಇಲ್ಲದ ಮನೆಯ ಮಕ್ಕಳು ಮೂಲೆಗೆ ಸರಿಯುತ್ತಾರೆ. ಎರಡೂ ನ್ಯಾಯವಾದ ಮಾತುಗಳೇ. ಮೊದಲನೆಯದಕ್ಕೆ ನಾನು ಕೊಟ್ಟ ಉತ್ತರ: ಯಾವ ಆಪ್ ಒಳ್ಳೆಯದು ಎಂದು ಪಾಠ ಹೇಳುವುದಿಲ್ಲ, ಯಾವ ದಾರಿ ಎಲ್ಲಿ ಕೆಡುತ್ತದೆ ಎಂದಷ್ಟೇ ನೋಡುತ್ತೇವೆ. ಎರಡನೆಯದಕ್ಕೆ ಬಟನ್ ಫೋನಿನ ದಾರಿಯನ್ನು ಪಾಠದ ಒಳಗೇ ಸೇರಿಸಿದೆ. ಅದರ ಫಲ ಮುಂದೆ ಹೇಳುತ್ತೇನೆ.

ಮೊದಲು ವಿಷಯದ ತಯಾರಿ. ನಾವು ದಿನವೂ ಬಳಸುವ ಫೋನ್ ಪೇ, ಗೂಗಲ್ ಪೇ, ಪೇಟಿಎಂ, ಭೀಮ್ ಇವೆಲ್ಲ ಬೇರೆ ಬೇರೆ ರಸ್ತೆಗಳಲ್ಲ, ಒಂದೇ ರಸ್ತೆಗೆ ತೆರೆಯುವ ಬೇರೆ ಬೇರೆ ಬಾಗಿಲುಗಳು. ಆ ರಸ್ತೆಯ ಹೆಸರು ಯುಪಿಐ. 2008ರಲ್ಲಿ ಸ್ಥಾಪನೆಯಾದ ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು ಇದನ್ನು 2016ರ ಏಪ್ರಿಲ್‌ನಲ್ಲಿ ಆರಂಭಿಸಿತು. ಅದೇ ವರ್ಷದ ಡಿಸೆಂಬರ್ 30ರಂದು ಭೀಮ್ ಆಪ್ ಬಂತು. ಗಿರಾಕಿ ಅರವತ್ತು ರೂಪಾಯಿ ಕಳಿಸಿದರೆ ಅದು ಅವನ ಮೊಬೈಲ್ ನೆಟ್‌ವರ್ಕ್, ಅವನ ಆಪ್, ಅದರ ಹಿಂದಿನ ಬ್ಯಾಂಕು, ಯುಪಿಐ ವ್ಯವಸ್ಥೆ, ಅವನ ಖಾತೆಯ ಬ್ಯಾಂಕು, ಅಂಗಡಿಯವರ ಬ್ಯಾಂಕು ಇಷ್ಟನ್ನೂ ದಾಟಬೇಕು. ಇದರಲ್ಲಿ ಯಾವುದೊಂದು ನಿಂತರೂ ಪರದೆಯ ಮೇಲೆ ಕಾಣುವುದು ಅದೇ ತಿರುಗುವ ಚಕ್ರ.

ಇದನ್ನು ಮಕ್ಕಳಿಗೆ ಹೇಳಲು ನಾನು ತುಂಗಭದ್ರಾ ಎಡದಂಡೆ ಕಾಲುವೆಯ ಚಿತ್ರವನ್ನು ಬೋಧನೋಪಕರಣವಾಗಿ ಬಳಸಿದೆ. ಸಿಂಧನೂರು ಕಡೆ ಭತ್ತದ ನಾಟಿಗೆ ಹೋಗಿ ಬಂದ ಮನೆಗಳ ಮಕ್ಕಳು ತರಗತಿಯಲ್ಲಿದ್ದರು. ಅವರಿಗೆ ತೂಬು ಎಂದರೆ ವಿವರಿಸಬೇಕಾಗಿಲ್ಲ. ನಮ್ಮ ಹೊಲದ ತೂಬಿಗೆ ಕಸ ಕಟ್ಟಿದರೆ ಪಕ್ಕದ ತೂಬಿನಿಂದ ನೀರು ತರಬಹುದು. ವಿತರಣಾ ಕಾಲುವೆ ಒಡೆದರೆ ಆ ಸಾಲಿನ ತೂಬುಗಳೆಲ್ಲ ಒಣಗುತ್ತವೆ, ಆದರೆ ಮುಂದಿನ ವಿತರಣಾ ಕಾಲುವೆ ಹರಿಯುತ್ತಿರುತ್ತದೆ. ಮೇಲೆ ಅಣೆಕಟ್ಟೆಯಲ್ಲೇ ತೊಂದರೆಯಾದರೆ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದದ್ದನ್ನು ಮಕ್ಕಳೇ ನೆನಪಿಸಿದರು. ಆಗ ಎಷ್ಟು ತೂಬು ಇದ್ದರೇನು?

ಈ ಚಿತ್ರದ ಮೇಲೆ ಮೂರು ನಿಜ ಘಟನೆಗಳನ್ನು ಇಟ್ಟೆವು. 2020ರ ಮಾರ್ಚ್ 5ರಂದು ಯೆಸ್ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ, ಆ ಬ್ಯಾಂಕನ್ನು ನೆಚ್ಚಿಕೊಂಡಿದ್ದ ಫೋನ್ ಪೇ ಸೇವೆ ಸುಮಾರು ಒಂದು ದಿನ ನಿಂತುಹೋಯಿತು. ಬೇರೆ ಬ್ಯಾಂಕಿನ ಜೊತೆ ಜೋಡಿಸಿಕೊಂಡ ಮೇಲೆ ಮತ್ತೆ ನಡೆಯಿತು. ಆ ದಿನ ಬೇರೊಂದು ಆಪ್ ಇದ್ದವರಿಗೆ ತೊಂದರೆಯಾಗಲಿಲ್ಲ. 2024ರ ಜನವರಿ 31ರಂದು ಪೇಟಿಎಂ ಪೇಮೆಂಟ್ಸ್ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ಕ್ರಮ ಕೈಗೊಂಡಿತು. ಮಾರ್ಚ್ 15ರ ನಂತರ ಅಲ್ಲಿನ ಖಾತೆ, ವ್ಯಾಲೆಟ್‌ಗಳಿಗೆ ಹೊಸ ಹಣ ಹಾಕುವಂತಿರಲಿಲ್ಲ. ಪೇಟಿಎಂ ಆಪ್ ಮಾತ್ರ ಬೇರೆ ಬ್ಯಾಂಕುಗಳ ಮೂಲಕ ಮುಂದುವರಿಯಿತು. ಇಲ್ಲಿ ಬದಲಿಸಬೇಕಾಗಿದ್ದುದು ಆಪ್ ಅಲ್ಲ, ಅದರ ಹಿಂದಿನ ಖಾತೆ. 2025ರ ಏಪ್ರಿಲ್ 12ರಂದು ಯುಪಿಐ ವ್ಯವಸ್ಥೆಯೇ ದೇಶದಾದ್ಯಂತ ಗಂಟೆಗಟ್ಟಲೆ ತಡವರಿಸಿತು. ಆ ದಿನ ನಾಲ್ಕು ಆಪ್ ಇದ್ದವರೂ ಒಂದು ಆಪ್ ಇದ್ದವರೂ ಒಂದೇ.

"ಹಂಗಾದ್ರ ಎರಡನೇದು ಮೊದಲನೇದ್ರ ಜೋಡಿ ಕೆಡಬಾರ್ದ್ರಿ" ಎಂದು ಹಿಂದಿನ ಬೆಂಚಿನ ಒಬ್ಬ ಹುಡುಗಿ ಹೇಳಿದಳು. ನಾನು ಪಾಠಯೋಜನೆಯಲ್ಲಿ ಮೂರು ಸಾಲು ಬರೆದುಕೊಂಡಿದ್ದ ಕಲಿಕಾಂಶ ಅವಳ ಒಂದು ವಾಕ್ಯದಲ್ಲಿ ಬಂತು. ಅದನ್ನೇ ಕಪ್ಪು ಹಲಗೆಯ ಮೇಲೆ ಬರೆಸಿದೆ.

ಈ ಅಳತೆಗೋಲು ಹಿಡಿದು ನೋಡಿದರೆ ಹಲವು ಸಲಹೆಗಳು ತಾವಾಗಿಯೇ ಬಿದ್ದುಹೋದವು. ಒಂದೇ ಬ್ಯಾಂಕ್ ಖಾತೆಗೆ ಎರಡು ಆಪ್‌ನ ಸ್ಕ್ಯಾನರ್ ಚೀಟಿ ಅಂಟಿಸುವುದು ಆಪ್ ಕೆಟ್ಟಾಗ ಉಪಯೋಗಕ್ಕೆ ಬರುತ್ತದೆ, ಬ್ಯಾಂಕ್ ನಿಂತಾಗ ಬರುವುದಿಲ್ಲ. ಗೂಗಲ್ ಪೇ ಇರುವ ಗಿರಾಕಿಗೆಂದೇ ಗೂಗಲ್ ಪೇ ಚೀಟಿ ಬೇಕು ಎಂದು ಬಹಳ ಮಕ್ಕಳು ನಂಬಿದ್ದರು. ಅದು ಬೇಕಿಲ್ಲ. ಯುಪಿಐ ಕ್ಯೂಆರ್ ಚೀಟಿ ಯಾವುದಾದರೂ ಸರಿ, ಯಾವ ಯುಪಿಐ ಆಪ್‌ನಿಂದಲೂ ಹಣ ಹಾಕಬಹುದು. ಪ್ರಾತ್ಯಕ್ಷಿಕೆಗೆ ತರಗತಿ ಶಿಕ್ಷಕರ ಅನುಮತಿ ಪಡೆದು ನನ್ನ ಫೋನಿನಿಂದ ಅವರ ಚೀಟಿಗೆ ಒಂದು ರೂಪಾಯಿ ಹಾಕಿ ತೋರಿಸಿದೆ. ಆ ಒಂದು ರೂಪಾಯಿಯನ್ನು ಅವರು ಇನ್ನೂ ಹಿಂದಿರುಗಿಸಿಲ್ಲ ಎಂದು ಸಹಪಾಠಿಗಳು ತಮಾಷೆ ಮಾಡುತ್ತಿರುತ್ತಾರೆ.

ಎರಡನೆಯ ಅವಧಿಗೆ ಲೆಕ್ಕ. ಇಲ್ಲೇ ಪಾಠದ ಗಣಿತ ಇರುವುದು, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಅಂಗಡಿಯ ನಿಜವಾದ ವ್ಯಾಪಾರವನ್ನು ತರಗತಿಯಲ್ಲಿ ಹೇಳಿಸುವುದು ಸರಿಯಲ್ಲವೆಂದು ಅಂಕಿಗಳನ್ನು ಕಲ್ಪಿಸಿಕೊಂಡೆವು: ವಾರಕ್ಕೊಂದು ಸಂತೆ, ಸಂತೆಗೆ 3,000 ರೂ. ವ್ಯಾಪಾರ, ತಿಂಗಳಿಗೆ 12,000 ರೂ. ಅದರಲ್ಲಿ ಅರ್ಧ ಫೋನಿನ ಮೂಲಕ. ಲಾಭ ವ್ಯಾಪಾರದ ಶೇ. 20. ಹಣ ಬಂತು ಎಂದು ಕೂಗಿ ಹೇಳುವ ಸೌಂಡ್ ಬಾಕ್ಸಿಗೆ ತಿಂಗಳ ಬಾಡಿಗೆ 100 ರೂ. ಎಂದು ಇಟ್ಟುಕೊಂಡೆವು. ಪ್ರಶ್ನೆ: ಬಾಡಿಗೆ ಶೇಕಡಾ ಎಷ್ಟು?

ನಾಲ್ಕು ಗುಂಪುಗಳಿಂದ ಮೂರು ಉತ್ತರಗಳು ಬಂದವು. ಎರಡು ಗುಂಪು 12,000ಕ್ಕೆ 100 ಎಂದು ಹಿಡಿದು ಶೇ. 0.83 ಎಂದವು. ಒಂದು ಗುಂಪು ಫೋನಿನಲ್ಲಿ ಬಂದ 6,000ಕ್ಕೆ ಮಾತ್ರ ಹಿಡಿದು ಶೇ. 1.67 ಎಂದಿತು. ನಾಲ್ಕನೆಯ ಗುಂಪಿನಲ್ಲಿ ಆ ಅಂಗಡಿಯವರ ಮಗನಿದ್ದ. ಅವರು ಲಾಭ 2,400 ರೂ. ತೆಗೆದು, ಅದರಲ್ಲಿ 100 ಹೋದರೆ ಶೇ. 4.17 ಎಂದರು. ತರಗತಿಯಲ್ಲಿ ಜಗಳವೇ ಆಯಿತು. ಮೂರೂ ಭಾಗಾಕಾರಗಳು ಸರಿಯಾಗಿದ್ದವು. ನಾನು ತೀರ್ಪು ಕೊಡದೆ, ಪ್ರತಿ ಗುಂಪಿಗೂ "ಯಾವುದರ ಶೇಕಡಾ?" ಎಂಬ ಒಂದೇ ಪ್ರಶ್ನೆ ಕೇಳಿದೆ. ಬಾಡಿಗೆ ಕೊಡುವ ಕಂಪನಿಯವನು ಯಾವ ಸಂಖ್ಯೆ ಹೇಳುತ್ತಾನೆ, ಅಂಗಡಿಯ ಅವ್ವ ಯಾವ ಸಂಖ್ಯೆ ನೋಡಬೇಕು ಎಂದು ಚರ್ಚೆ ಹೊರಳಿತು. ಅದೇ ನೂರು ರೂಪಾಯಿ ಒಬ್ಬರಿಗೆ ನೂರಕ್ಕೆ ಒಂದಕ್ಕಿಂತ ಕಡಿಮೆ, ಇನ್ನೊಬ್ಬರಿಗೆ ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು. ಪಠ್ಯಪುಸ್ತಕದ ಲೆಕ್ಕಗಳಲ್ಲಿ ಆಧಾರ ಸಂಖ್ಯೆಯನ್ನು ಪ್ರಶ್ನೆಯೇ ಕೊಟ್ಟುಬಿಡುತ್ತದೆ, ಮಕ್ಕಳು ಅದನ್ನು ಆರಿಸುವ ಸಂದರ್ಭವೇ ಬರುವುದಿಲ್ಲ ಎಂಬುದು ನನಗೆ ಈ ಅವಧಿಯಲ್ಲಿ ಸ್ಪಷ್ಟವಾಯಿತು.

ಶುಲ್ಕದ ವಿಷಯ ಬೇಗ ಮುಗಿಯಿತು. ಬ್ಯಾಂಕ್ ಖಾತೆಯಿಂದ ಯುಪಿಐ ಮೂಲಕ ಬರುವ ಹಣಕ್ಕೆ 2020ರ ಜನವರಿ 1ರಿಂದ ಅಂಗಡಿಯವರಿಂದ ಶುಲ್ಕ ಪಡೆಯುವಂತಿಲ್ಲ. 2023ರಲ್ಲಿ ಎದ್ದ ಶೇ. 1.1ರ ಸುದ್ದಿ ವ್ಯಾಲೆಟ್‌ನಿಂದ ಅಂಗಡಿಗೆ ಮಾಡುವ 2,000 ರೂ. ಮೀರಿದ ಪಾವತಿಗೆ ಸಂಬಂಧಿಸಿದ್ದು. ಅರವತ್ತು ರೂಪಾಯಿಯ ಮಿರ್ಚಿಗೂ ಅದಕ್ಕೂ ನಂಟಿಲ್ಲ.

ತೆರಿಗೆಯ ಭಯ ಹಾಗಲ್ಲ. "ಫೋನಿನ್ಯಾಗ ರೊಕ್ಕ ತಗೊಂಡ್ರ ಟ್ಯಾಕ್ಸ್‌ನವ್ರು ಬರ್ತಾರಂತ್ರಿ, ಅದಕ್ಕ ನಮ್ಮ ಮಾಮ ಸ್ಕ್ಯಾನರ್ ಕಿತ್ತಾನ್ರಿ" ಎಂದು ಒಬ್ಬ ಹೇಳಿದ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕಗಳನ್ನು ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಬೆಂಗಳೂರಿನಲ್ಲಿ ಅನೇಕ ಅಂಗಡಿಗಳು ನಗದು ಮಾತ್ರ ಎಂಬ ಚೀಟಿ ಹಚ್ಚಿದ್ದವು. ಆ ಸುದ್ದಿ ಇಲ್ಲಿಗೂ ತಲುಪಿದೆ. ನಾವು ಇದನ್ನೂ ಶೇಕಡಾ ಲೆಕ್ಕವನ್ನಾಗಿ ಮಾಡಿದೆವು. ಜಿಎಸ್‌ಟಿ ನೋಂದಣಿಯ ಮಿತಿ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ರೂ. ವಹಿವಾಟು. ತಿನಿಸಿನ ಅಂಗಡಿಗೆ ಕಡಿಮೆ ಮಿತಿಯನ್ನೇ ಹಿಡಿಯೋಣ ಎಂದೆ. 3,000 ರೂಪಾಯಿಯಂತೆ 52 ಸಂತೆಗೆ 1,56,000 ರೂ. ಇದು 20 ಲಕ್ಷದ ಶೇ. 7.8. ಮಿತಿ ಮುಟ್ಟಬೇಕಾದರೆ ಪ್ರತಿ ಸಂತೆಯಲ್ಲೂ 38,461 ರೂಪಾಯಿಗೂ ಹೆಚ್ಚು ವ್ಯಾಪಾರವಾಗಬೇಕು. "ಅಷ್ಟು ಮಿರ್ಚಿ ಕರಿಯಾಕ ಸಂತಿ ಮುಗಿತೈತ್ರಿ" ಎಂದು ಹುಡುಗ ನಕ್ಕ. ಇನ್ನೊಂದು ಅಂಶವನ್ನೂ ಸೇರಿಸಿದೆ: ವಹಿವಾಟು ಎಂದರೆ ನಗದು, ಫೋನು ಎರಡೂ ಸೇರಿ. ಸ್ಕ್ಯಾನರ್ ಕಿತ್ತರೆ ವಹಿವಾಟು ಕಡಿಮೆಯಾಗುವುದಿಲ್ಲ.

ಇನ್ನು ಬಟನ್ ಫೋನಿನ ದಾರಿ. ಇದಕ್ಕೆ ಹತ್ತು ನಿಮಿಷ ಇಟ್ಟಿದ್ದೆ, ಇಪ್ಪತ್ತು ಹಿಡಿಯಿತು. *99# ಒತ್ತಿದರೆ ಇಂಟರ್ನೆಟ್ ಇಲ್ಲದೆ, ಕನ್ನಡದಲ್ಲಿಯೂ, ಒಂದು ಸಲಕ್ಕೆ 5,000 ರೂ.ವರೆಗೆ ಕಳಿಸಬಹುದು. 2022ರ ಮಾರ್ಚ್ 8ರಂದು ಆರಂಭವಾದ ಯುಪಿಐ 123ಪೇ ಕರೆ ಮಾಡಿ ಹಣ ಕಳಿಸುವ ವ್ಯವಸ್ಥೆ. ಅದರ ಮಿತಿಯನ್ನು 10,000 ರೂ.ಗೆ ಏರಿಸಲಾಗಿದೆ. ಮನೆಯಲ್ಲಿ ಬಟನ್ ಫೋನ್ ಮಾತ್ರ ಇದೆಯೆಂದು ಅಲ್ಲಿಯವರೆಗೆ ಬಾಯಿ ತೆರೆಯದಿದ್ದ ಒಬ್ಬಳು ವಿದ್ಯಾರ್ಥಿನಿ ಇದನ್ನು ಕಾಲುವೆಯ ಚಿತ್ರದ ಮೇಲೆ ಎಲ್ಲಿ ಇಡಬೇಕು ಎಂದು ತಾನೇ ಬಂದು ತೋರಿಸಿದಳು: ಡೇಟಾ ಸಿಗದಾಗ ಇದು ನಡೆಯುತ್ತದೆ, ಸಿಗ್ನಲ್ಲೇ ಇಲ್ಲದಾಗ ನಡೆಯುವುದಿಲ್ಲ, ಯುಪಿಐ ನಿಂತ ದಿನವೂ ನಡೆಯುವುದಿಲ್ಲ. ಸಂತೆಯ ಗದ್ದಲದಲ್ಲಿ ಸಾವಿರಾರು ಫೋನುಗಳು ಒಂದೇ ಗೋಪುರಕ್ಕೆ ಜೋತುಬಿದ್ದಾಗ ಮೊದಲು ಸೋಲುವುದು ಡೇಟಾ. ಹಾಗಾಗಿ ಸ್ಮಾರ್ಟ್‌ಫೋನ್ ಇದ್ದವರಿಗೂ ಇದು ಕಲಿತಿರಬೇಕಾದ ದಾರಿ ಎಂದು ತರಗತಿ ಒಪ್ಪಿತು.

ಬ್ಯಾಂಕಿನ ಸರ್ವರ್ ತಡವಾಗುವ ಸಮಸ್ಯೆಗೆ ಯುಪಿಐ ಲೈಟ್ ಹೆಚ್ಚು ಹೊಂದುತ್ತದೆ. ಮೊದಲೇ ಆಪ್‌ನೊಳಗೆ ಗರಿಷ್ಠ 5,000 ರೂ. ಎತ್ತಿಟ್ಟುಕೊಂಡು, ಒಂದು ಸಲಕ್ಕೆ 1,000 ರೂ.ವರೆಗೆ ಪಿನ್ ಇಲ್ಲದೆ ಕೊಡಬಹುದು. ಕೊಡುವ ಗಳಿಗೆಯಲ್ಲಿ ಗಿರಾಕಿಯ ಬ್ಯಾಂಕ್ ಖಾತೆಯನ್ನು ತಟ್ಟಬೇಕಿಲ್ಲ. ಆದರೆ ಇದನ್ನು ಇಟ್ಟುಕೊಳ್ಳಬೇಕಾದವರು ಗಿರಾಕಿಗಳು, ಅಂಗಡಿಯವರಲ್ಲ. ಫೋನ್ ಕಳೆದರೆ ಅಷ್ಟು ಹಣಕ್ಕೆ ಪಿನ್ನಿನ ಕಾವಲೂ ಇಲ್ಲ.

ಸಿಕ್ಕಿಹಾಕಿಕೊಂಡ ಹಣದ ವಿಷಯಕ್ಕೆ ಬಂದಾಗ ತರಗತಿ ಬಿಸಿಯಾಯಿತು. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಂತೆ, ಅಂಗಡಿಗೆ ಕೊಟ್ಟ ಯುಪಿಐ ಹಣ ಗಿರಾಕಿಯ ಖಾತೆಯಿಂದ ಕಡಿತವಾಗಿ ಅಂಗಡಿಗೆ ಖಾತ್ರಿ ಬರದಿದ್ದರೆ, ವಹಿವಾಟಿನ ದಿನದ ನಂತರ ಐದು ದಿನದೊಳಗೆ ತಾನಾಗಿ ಮರಳಬೇಕು. ತಡವಾದರೆ ದಿನಕ್ಕೆ 100 ರೂ. ಪರಿಹಾರ. 60 ರೂಪಾಯಿ ಒಂಬತ್ತನೆಯ ದಿನ ಮರಳಿದರೆ ನಾಲ್ಕು ದಿನದ ಪರಿಹಾರ 400 ರೂ. ಅದು 60ರ ಶೇಕಡಾ ಎಷ್ಟು? ಶೇ. 666.67. ಶೇಕಡಾ ನೂರನ್ನು ದಾಟುತ್ತದೆಯೇ ಎಂದು ಮಕ್ಕಳು ಬೆರಗಾದರು. ಈ ಪರಿಕಲ್ಪನೆಗೆಂದು ನಾನು ಬೇರೆ ಲೆಕ್ಕ ತಯಾರಿಸಿಕೊಂಡಿದ್ದೆ, ಅದರ ಅಗತ್ಯ ಬೀಳಲಿಲ್ಲ.

ಆದರೆ ಅಂಗಡಿಯವರ ಮಗ ಬೆರಗಾಗಲಿಲ್ಲ. "ಮೇಡಂರೀ, ಅರವತ್ತೂ ಗಿರಾಕಿಗೆ, ನಾಕ್ನೂರೂ ಗಿರಾಕಿಗೆ. ಮಿರ್ಚಿನೂ ಅವನೇ ತಿಂದಾನ. ನಮ್ಮವ್ವಗ ಏನ್ ಬಂತ್ರಿ?" ಎಂದ. ನಿಯಮದಲ್ಲಿ ಇದಕ್ಕೆ ಉತ್ತರವಿಲ್ಲ. ಪರಿಹಾರ ಖಾತೆದಾರನಿಗೆ, ಸರಕು ಕೊಟ್ಟವರಿಗಲ್ಲ. ಹಾಗೆಯೇ ಹೇಳಿದೆ. ವೀಕ್ಷಣೆಗೆ ಕುಳಿತಿದ್ದ ಮಾರ್ಗದರ್ಶಕರು ತಮ್ಮ ನಮೂನೆಯಲ್ಲಿ ಈ ಪ್ರಶ್ನೆಯ ಕೆಳಗೆ ಗೆರೆ ಎಳೆದಿದ್ದನ್ನು ಆಮೇಲೆ ನೋಡಿದೆ.

ಮೋಸದ ಬಗ್ಗೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಹಣ ಪಡೆಯಲು ಪಿನ್ ಹಾಕಬೇಕಿಲ್ಲ, ಗಿರಾಕಿ ತೋರಿಸುವ ಪರದೆಯ ಚಿತ್ರ ಖಾತ್ರಿಯಲ್ಲ, ಮೋಸವಾದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ಈ ಮೂರನ್ನು ಮಕ್ಕಳು ಚೀಟಿಯಲ್ಲಿ ಬರೆದು ಮನೆಗೆ ಒಯ್ದರು.

ಗುಂಪುಗಳು ಕೊನೆಗೆ ಕೊಟ್ಟ ಸಲಹೆಗಳು ಒಂದೇ ಆಗಿರಲಿಲ್ಲ. ಎರಡು ಗುಂಪು ಬೇರೆ ಬ್ಯಾಂಕಿನ ಖಾತೆಗೆ ಸೇರಿದ ಎರಡನೇ ಚೀಟಿ ಇಡಬೇಕೆಂದವು. ಒಂದು ಗುಂಪು ಚೀಟಿ ಒಂದೇ ಸಾಕು, ಫೋನಿನಲ್ಲಿ ಬೇರೆ ಕಂಪನಿಯ ಎರಡನೇ ಸಿಮ್ ಇರಲಿ ಎಂದಿತು. ಅಂಗಡಿಯವರ ಮಗನಿದ್ದ ಗುಂಪು ಆಪ್, ಬ್ಯಾಂಕ್ ಯಾವುದನ್ನೂ ಹೇಳದೆ ಚಿಲ್ಲರೆ ಡಬ್ಬಿ ಮತ್ತು ಉದ್ರಿ ಪುಸ್ತಕ ಎಂದು ಬರೆಯಿತು. ಕಾರಣ: ಇವೆರಡೇ ಉಳಿದ ಯಾವುದರ ಜೊತೆಗೂ ಕೆಡುವುದಿಲ್ಲ. ಹಲಗೆಯ ಮೇಲಿದ್ದ ವಾಕ್ಯಕ್ಕೆ ಅತ್ಯಂತ ನಿಷ್ಠವಾದ ಉತ್ತರ ಅದೇ ಎಂದು ನನಗೆ ಅನ್ನಿಸಿತು, ಆದರೂ ನಾಲ್ಕಕ್ಕೂ ಕಾರಣಗಳನ್ನು ನೋಡಿ ಅಂಕ ಕೊಟ್ಟೆ. ಮುಂದಿನ ವಾರ ಆ ತಾಯಿ ಮಗನ ಕೈಯಲ್ಲಿ ಹೇಳಿಕಳಿಸಿದ್ದು ಇಷ್ಟು: ಎರಡನೇ ಸಿಮ್ ಹಾಕಿಸಿದ್ದಾರೆ, ಪುಸ್ತಕವೂ ಇಟ್ಟಿದ್ದಾರೆ, ಸೌಂಡ್ ಬಾಕ್ಸ್ ಸದ್ಯಕ್ಕೆ ಬೇಡ.

ಮೌಲ್ಯಮಾಪನದಲ್ಲಿ ಐದು ಪ್ರಶ್ನೆ ಕೊಟ್ಟಿದ್ದೆ. ಶೇಕಡಾ ಕಂಡುಹಿಡಿಯುವ ನೇರ ಲೆಕ್ಕಗಳನ್ನು ಬಹುತೇಕ ಎಲ್ಲರೂ ಬಿಡಿಸಿದರು. ಆಧಾರ ಸಂಖ್ಯೆಯನ್ನು ತಾವೇ ಆರಿಸಬೇಕಾದ ಪ್ರಶ್ನೆಯಲ್ಲಿ ಹಲವರು ಮತ್ತೆ ಒಟ್ಟು ವ್ಯಾಪಾರವನ್ನೇ ಹಿಡಿದಿದ್ದರು. ಚರ್ಚೆಯಲ್ಲಿ ಬಂದದ್ದು ಬರವಣಿಗೆಗೆ ಇಳಿಯಲು ಇನ್ನಷ್ಟು ಅಭ್ಯಾಸ ಬೇಕು. ಅದಕ್ಕಾಗಿ ಪರಿಹಾರ ಬೋಧನೆಯ ಅವಧಿಗೆ ಈ ಲೆಕ್ಕ ಕೊಟ್ಟಿದ್ದೇನೆ, ಈ ಭಾಗ ಬೋಧಿಸುವ ಮಿತ್ರರು ತಮ್ಮ ತರಗತಿಯಲ್ಲೂ ಕೊಟ್ಟು ನೋಡಬಹುದು: ಒಂದು ಸಂತೆಯಲ್ಲಿ 3,000 ರೂ. ವ್ಯಾಪಾರ, ಅದರಲ್ಲಿ 600 ರೂ. ಲಾಭ. ಅದೇ ದಿನ 60 ರೂಪಾಯಿಯ ಒಂದು ಪಾವತಿ ಬರಲೇ ಇಲ್ಲ. ನಷ್ಟ ಶೇಕಡಾ ಎಷ್ಟು ಎಂದು ಗಿರಾಕಿ ಒಂದು ಉತ್ತರ ಹೇಳುತ್ತಾನೆ, ಅವ್ವ ಇನ್ನೊಂದು ಹೇಳುತ್ತಾಳೆ. ಇಬ್ಬರ ಲೆಕ್ಕವನ್ನೂ ಬರೆಯಿರಿ.